ಮೇಡಂ ಕೊಡದೇ ಇದ್ದ ಮಾತು

ತಪ್ಪು ನನ್ನದು. ಇದನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಕಡೆಗೆ ಒಪ್ಪಿಕೊಂಡರೆ ಅಲ್ಲಿಯವರೆಗೆ ನೀವು ನನ್ನನ್ನು ಒಳ್ಳೆಯ ಹುಡುಗ ಅಂದುಕೊಂಡು ಓದಿರುತ್ತೀರಿ, ಆಮೇಲೆ ಇಬ್ಬರಿಗೂ ಸಂಕೋಚ. ಆದದ್ದಿಷ್ಟು: ಮನೋಳಿಯ ಒಬ್ಬ ಅಜ್ಜಿಗೆ ನಾನು ನಮ್ಮ ಮೇಡಂ ದನಿ ತೆಗೆದು ಫೋನ್ ಮಾಡಿದೆ. ಮೇಡಂ ತಮ್ಮ ಜನ್ಮದಲ್ಲಿ ಕೊಡಲಾರದಂಥ ಒಂದು ಮಾತನ್ನು ಅವರ ದನಿಯಲ್ಲಿ ಕೊಟ್ಟೆ. ಆಗ ಅವರು ನಿವೃತ್ತರಾಗಲು ಮೂರು ವಾರ ಉಳಿದಿತ್ತು.

ದನಿ ತೆಗೆಯುವುದು ನನಗೆ ಹುಟ್ಟಿನಿಂದ ಹತ್ತಿದ ರೋಗ. ಬೈಲಹೊಂಗಲದ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವವನಿಂದ ಹಿಡಿದು, ಎಂ.ಕೆ. ಹುಬ್ಬಳ್ಳಿ ಕಡೆ ಕಬ್ಬು ಹೇರಿಕೊಂಡು ಏರು ಹತ್ತುವ ಟ್ರ್ಯಾಕ್ಟರಿನವರೆಗೆ ಯಾರನ್ನೂ ಯಾವುದನ್ನೂ ಬಿಟ್ಟಿಲ್ಲ. ಸವದತ್ತಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ಸೋದರಮಾವ ಕೆಮ್ಮಿದರು. ನನಗೇ ಗೊತ್ತಿಲ್ಲದೆ ಅದೇ ಕೆಮ್ಮು ನನ್ನ ಬಾಯಿಂದ ಬಂತು. ಅವ್ವ ತೊಡೆ ಚಿವುಟುವಷ್ಟರಲ್ಲಿ ಎರಡನೆಯದೂ ಬಂದುಬಿಟ್ಟಿತ್ತು. ಅವಲಕ್ಕಿ ತಾಟಿನಲ್ಲೇ ಉಳಿಯಿತು. ನಾನೂ ಇನ್ನೂ ಹಾಗೇ ಉಳಿದಿದ್ದೇನೆ.

ಇಂಥವನಿಗೆ ವಿಶ್ವವಿದ್ಯಾಲಯದ ಕಲಾ ಸಂಗ್ರಹಾಲಯದಲ್ಲಿ ಕೆಲಸ ಸಿಕ್ಕಿತು. ಅದು ಇರುವುದು ಕಿತ್ತೂರಿಗೂ ಬೈಲಹೊಂಗಲಕ್ಕೂ ನಡುವೆ. ಇದು ನಮ್ಮೂರಿನದು ಎಂದು ಎರಡೂ ಊರಿನವರು ಹೇಳುತ್ತಾರೆ, ಎರಡೂ ಊರಿನವರು ಬರುವುದಿಲ್ಲ. ನನ್ನ ಹುದ್ದೆಯ ಹೆಸರು ‘ತಾತ್ಕಾಲಿಕ ಪ್ರದರ್ಶನ ಸಹಾಯಕ’. ಕಿರಾಣಿ ಅಂಗಡಿಯ ಗಲ್ಲೆಯ ಮೇಲೆ ಕೂತು ಅಪ್ಪ ಕೇಳಿದ, “ಅಲ್ಲಿ ಏನ್ ಮಾಡ್ತೀ?”

“ಗ್ವಾಡಿಗೆ ಮೊಳಿ ಹೊಡೀತೇನಿ. ಎರಡು ತಿಂಗಳ ಬಿಟ್ಟು ಕೀಳತೇನಿ.”

“ಅದಾತು. ಕೆಲಸ ಏನು?”

ಇದೇ ಪ್ರಶ್ನೆಯನ್ನು ಮೊದಲ ದಿನ ನಾನು ಮೇಡಂಗೆ ಕೇಳಿದೆ. ತಾತ್ಕಾಲಿಕ ಅನ್ನುವುದು ಪ್ರದರ್ಶನಕ್ಕೆ ಸೇರಿದ್ದೋ ಸಹಾಯಕನಿಗೆ ಸೇರಿದ್ದೋ ಅಂತಲೂ ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, “ಇಬ್ಬರೂ ಎರಡೆರಡು ತಿಂಗಳದವರೇ. ಇದ್ದಷ್ಟು ದಿನ ಚಂದ ಇರೂದು ಕಲೀರಿ,” ಅಂದರು.

ನಮ್ಮಲ್ಲಿ ಎರಡು ಹಾಲ್. ಒಂದರಲ್ಲಿ ಶಾಶ್ವತ ಸಂಗ್ರಹ. ಅಲ್ಲಿ ದೊಡ್ಡ ದೊಡ್ಡ ಚೌಕಟ್ಟುಗಳಲ್ಲಿ ಪೇಟ ಸುತ್ತಿದವರು ಕೂತಿದ್ದಾರೆ. ಅವರನ್ನು ನೋಡಲು ಹಲ್ಲಿ ಬಿಟ್ಟರೆ ಯಾರೂ ಬರುವುದಿಲ್ಲ. ಇನ್ನೊಂದು ಹಾಲ್ ತಾತ್ಕಾಲಿಕ ಪ್ರದರ್ಶನಗಳದ್ದು, ಅದು ಪೂರ್ತಿ ಮೇಡಂ ರಾಜ್ಯ. “ಕಾಯಂ ಇದ್ದದ್ದನ್ನ ಯಾರೂ ನೋಡೂದಿಲ್ಲಪಾ,” ಅನ್ನುತ್ತಿದ್ದರು, “ನಾಳೆ ಹೋಗ್ತದ ಅಂದ್ರ ಇವತ್ತೇ ಬರ್ತಾರ.”

ಮೇಡಂ ಸಣ್ಣ ಆಳು. ಗಂಜಿ ಹಾಕಿದ ಹತ್ತಿ ಸೀರೆ, ತುರುಬಿನಲ್ಲಿ ಒಂದು ಪೆನ್ಸಿಲ್. ಸವದತ್ತಿಯ ಪುರಾಣ ಹೇಳುವವರ ಮನೆತನ. ಅಜ್ಜ ಪುರಾಣ ಹೇಳಿದ, ಅಪ್ಪ ಸಂಸ್ಕೃತ ಕಲಿಸಿದ, ಇವರು ಗೋಡೆ ಹಿಡಿದರು. ಒಬ್ಬರೇ ಇದ್ದರು, ಅದರ ಬಗ್ಗೆ ಎಂದೂ ಮಾತಾಡಿದವರಲ್ಲ. ಹಾಲ್‌ನೊಳಗೆ ಚಪ್ಪಲಿ ಹಾಕುತ್ತಿರಲಿಲ್ಲ. ಚಿತ್ರವೊಂದನ್ನು ತೂಗು ಹಾಕಿದ ಮೇಲೆ ಬೆನ್ನು ತಿರುಗಿಸದೆ ಏಳು ಹೆಜ್ಜೆ ಹಿಂದಕ್ಕೆ ನಡೆದು, ತಲೆ ಓರೆ ಮಾಡಿ, “ಎರಡು ಬೆರಳು ಎಡಕ್ಕ,” ಅನ್ನುತ್ತಿದ್ದರು. ಅಳತೆಯೆಲ್ಲ ಬೆರಳಿನಲ್ಲೇ. ಇಪ್ಪತ್ತು ವರ್ಷ ಹಿಂದಕ್ಕೆ ನಡೆದರೂ ಒಮ್ಮೆಯೂ ಯಾವುದಕ್ಕೂ ಡಿಕ್ಕಿ ಹೊಡೆದಿಲ್ಲವಂತೆ. ಅದನ್ನು ಅನುಕರಿಸಲು ಹೋಗಿ ನಾನು ಆರನೇ ಹೆಜ್ಜೆಗೆ ಕಾವಲುಗಾರ ಕಾಕಾನ ಸ್ಟೂಲಿನ ಮೇಲೆ, ಸ್ಟೂಲಿನ ಮೇಲಿದ್ದ ಅವನ ಊಟದ ಡಬ್ಬಿಯ ಮೇಲೆ ಬಿದ್ದೆ. ಝುಣಕದ ಕಲೆ ಆ ಪ್ಯಾಂಟಿನಿಂದ ಈಗಲೂ ಹೋಗಿಲ್ಲ.

ಅವರ ಇನ್ನೊಂದು ಮಾತು, “ವಿಚಾರ ಮಾಡಿ ನಾಳೆ ಹೇಳ್ತೀನಿ.” ಏನೇ ಕೇಳಿ, ಇದೇ ಉತ್ತರ. ಕಾಕಾ ಒಮ್ಮೆ, “ಮೇಡಂರೀ, ಚಾ ತರಲೇನ್ರಿ?” ಅಂದಾಗಲೂ ಅಭ್ಯಾಸಬಲದಿಂದ ಹಾಗೇ ಅಂದರು. ಕಾಕಾ ಮರುದಿನ ತಂದ.

ಈ ವಿಚಾರ ಮಾಡುವ ಚಾಳಿಗೆ ಕಾರಣ ಒಂದು ವಹಿ. ಕೆಂಪು ಅರಿವೆ ಹೊದಿಸಿದ ಉದ್ದನೆಯ ವಹಿ, ನಮ್ಮಪ್ಪನ ಅಂಗಡಿಯಲ್ಲಿರುವಂಥದೇ. ಆದರೆ ಅದರಲ್ಲಿ ರೂಪಾಯಿ ಇಲ್ಲ, ಪೈಸೆ ಇಲ್ಲ. ಪ್ರತಿ ಪುಟದಲ್ಲೂ ನಾಲ್ಕು ಕಾಲಂ: ವಸ್ತು ಏನು, ಯಾರದು, ಕೊಟ್ಟ ಮಾತು ಏನು, ನಡೆಯಿತೋ ಇಲ್ಲವೋ. ಆ ಪೇಟದವರನ್ನು ಬಿಟ್ಟರೆ ನಮ್ಮ ಸಂಗ್ರಹಾಲಯಕ್ಕೆ ಸ್ವಂತದ್ದು ಅಂತ ಏನೂ ಇರಲಿಲ್ಲ. ಪ್ರದರ್ಶನಕ್ಕೆ ಬೇಕಾದದ್ದನ್ನೆಲ್ಲ ಮೇಡಂ ಜನರ ಮನೆಗೆ ಹೋಗಿ ಬೇಡಿ ತರುತ್ತಿದ್ದರು. ಕೊಡುವವರು ಏನಾದರೊಂದು ಷರತ್ತು ಹಾಕುತ್ತಿದ್ದರು. ಮೇಡಂ ಮನೆಗೆ ಹೋಗಿ, ಒಂದು ರಾತ್ರಿ ಯೋಚಿಸಿ, ಆಗುತ್ತದೆ ಅನಿಸಿದರೆ ಮಾತ್ರ ಮಾತು ಕೊಡುತ್ತಿದ್ದರು. ಪ್ರದರ್ಶನ ಮುಗಿದು ವಸ್ತು ವಾಪಸು ಹೋದಾಗ, ನಾಲ್ಕನೇ ಕಾಲಂನಲ್ಲಿ ವಸ್ತುವಿನ ಯಜಮಾನರೇ ‘ನಡೀತು’ ಎಂದು ಬರೆಯಬೇಕು. ಬರೆಯಲು ಬಾರದಿದ್ದರೆ ಹೆಬ್ಬೆಟ್ಟು. ನಾನು ಸೇರಿದಾಗ ವಹಿ ಮುಗಿಯಲು ಬಂದಿತ್ತು. ಮೊದಲ ಪುಟದಿಂದ ತಿರುವಿ ಹಾಕಿದೆ. ನಾಲ್ಕನೇ ಕಾಲಂನಲ್ಲಿ ಒಂದೂ ಖಾಲಿ ಇರಲಿಲ್ಲ.

ಚಚಡಿ ಕಡೆಯ ಒಬ್ಬ ಯಜಮಾನರು ಬೀಗಗಳ ಪ್ರದರ್ಶನಕ್ಕೆ ತೆಂಗಿನಕಾಯಿಯಷ್ಟು ದಪ್ಪದ ಒಂದು ಬೀಗ ಕೊಟ್ಟಿದ್ದರು. ಅದಕ್ಕೆ ಕೀಲಿ ಇರಲಿಲ್ಲ. ಯಾರೂ ತೆಗೆಯಲು ನೋಡಬಾರದು ಎಂಬುದು ಷರತ್ತು. ಬೈಲಹೊಂಗಲದ ಒಬ್ಬ ಕೀಲಿ ಮಾಡುವವನು ಬಂದು ಆ ಬೀಗದ ಮುಂದೆ ಅರ್ಧ ದಿನ ಕೂತ. “ಒಂದ ಸಲ ರೀ ಮೇಡಂ, ಒಂದ ಒಂದ್ ಸಲ. ತಗದು ಮತ್ತ ಹಾಕಿಬಿಡ್ತೇನಿ, ಅದಕ್ಕೂ ಗೊತ್ತಾಗಂಗಿಲ್ಲ,” ಅಂತ ಅಳುವುದೊಂದು ಬಾಕಿ. ಮೇಡಂ ಅವನಿಗೆ ಚಹಾ ಕೊಡಿಸಿದರು, ಬೀಗ ಕೊಡಲಿಲ್ಲ.

ಕಬ್ಬಿನ ಗಾಡಿ ಎತ್ತುಗಳ ಗಂಟೆ, ಕೊಂಬಿನ ಕಳಸ, ಹಣೆಪಟ್ಟಿಗಳ ಪ್ರದರ್ಶನ ಒಮ್ಮೆ ಆಯಿತು. ಕಾರ್ಖಾನೆಯ ಹಂಗಾಮು ಶುರುವಾಗುವ ಮುಂಚೆ ಎಲ್ಲ ವಾಪಸು ಎಂದು ಮೇಡಂ ಗಾಡಿಯವರಿಗೆ ಮಾತು ಕೊಟ್ಟಿದ್ದರು. ಆ ಹೊತ್ತಿಗೆ ಸರಿಯಾಗಿ ಮೇಲಿನ ಕಚೇರಿಯಿಂದ, ಒಬ್ಬ ಮಾನ್ಯರು ನೋಡಲು ಬರುತ್ತಾರೆ, ಎರಡು ದಿನ ಮುಂದುವರಿಸಿ ಎಂದು ಫೋನ್ ಬಂತು. ಮೇಡಂ “ಬರ್ಲಿ,” ಅಂದರು. ಮಾನ್ಯರು ಬಂದಾಗ ಹಾಲ್‌ನಲ್ಲಿ ಮೊಳೆಗಳು ಮಾತ್ರ ಇದ್ದವು. ಗಂಟೆಗಳು ಆಗಲೇ ಎತ್ತುಗಳ ಕೊರಳಿಗೆ ಸೇರಿದ್ದವು. ಮೇಡಂ ಒಂದೊಂದು ಮೊಳೆಯ ಮುಂದೂ ನಿಂತು ಅಲ್ಲಿ ಏನಿತ್ತು, ಅದರ ಸದ್ದು ಹೇಗಿತ್ತು ಎಂದು ಇಪ್ಪತ್ತು ನಿಮಿಷ ವಿವರಿಸಿದರು. ಸದ್ದಿನ ಭಾಗ ನನಗೆ ಬಿಟ್ಟರು. ಮಾನ್ಯರ ಮುಂದೆ ನಾನು ಎತ್ತಿನ ಗಂಟೆಯಾಗಿ ಬಾರಿಸಿದೆ. ಮಾನ್ಯರು ಮೊಳೆಗಳನ್ನು ಬಹಳ ಮೆಚ್ಚಿಕೊಂಡು ಹೋದರು.

ರಾಮದುರ್ಗದ ಹಳೆಯ ಫೋಟೋ ಸ್ಟುಡಿಯೋದ ಬಣ್ಣದ ಪರದೆಗಳದ್ದು ನನಗೆ ಎಲ್ಲಕ್ಕಿಂತ ಇಷ್ಟವಾದ ಪ್ರದರ್ಶನ. ಒಂದರ ಮೇಲೆ ಮೆಟ್ಟಿಲು, ಒಂದರ ಮೇಲೆ ಸರೋವರ, ಅದರಲ್ಲಿ ಕೋಳಿಯಂತಿರುವ ಹಂಸ. ಸ್ಟುಡಿಯೋದವನ ಷರತ್ತು ಒಂದೇ: “ನೋಡಿ ಹೋದ್ರ ಸಾಲದ್ರಿ, ಜನ ಮುಂದ ನಿಂತು ಫೋಟೋ ತೆಗಿಸಿಕೋಬೇಕು. ನೀವೂ ಸೈತ.” ಕಡೆಯ ದಿನ ಮೇಡಂ ಹಂಸದ ಮುಂದೆ, ಪ್ಲಾಸ್ಟಿಕ್ ಹೂವಿನ ಕುಂಡದ ಮೇಲೆ ಕೈಯಿಟ್ಟು ನಿಂತರು. ಮುಖ ಪರೀಕ್ಷೆಗೆ ಕೂತವರ ಹಾಗೆ. ನಾನು ಕ್ಯಾಮರಾ ಹಿಡಿದು, “ಸ್ವಲ್ಪ ನಗ್ರಿ ಮೇಡಂ,” ಅಂದೆ.

“ನಿಂದ್ರತೀನಿ ಅಂತ ಮಾತು ಕೊಟ್ಟೀನಿ. ನಗತೀನಿ ಅಂತ ಅಲ್ಲ.”

ಇಂಥವರ ದನಿ ತೆಗೆಯದೆ ಇರುವುದು ಹೇಗೆ ಹೇಳಿ. ಅವರು ರಜೆಯಲ್ಲಿದ್ದಾಗ ಕಾಕಾನ ಮುಂದೆ ಪೆನ್ಸಿಲ್ ಸಿಕ್ಕಿಸಿಕೊಂಡು, “ಕಾಕಾ, ಈ ನೊಣ ಎರಡು ಬೆರಳು ಬಲಕ್ಕ ಕೂಡಬೇಕಿತ್ತು,” ಅಂತ ಶುರು ಮಾಡಿದರೆ ಅವನು ನಕ್ಕು ನಕ್ಕು ಗೋಡೆ ಹಿಡಿಯುತ್ತಿದ್ದ. ಮೇಡಂಗೆ ಇದು ಗೊತ್ತಿತ್ತು. ಒಮ್ಮೆ ಬಾಗಿಲಲ್ಲಿ ನಿಂತು ಪೂರ್ತಿ ಕೇಳಿ, “ಇನ್ನೂ ಸ್ವಲ್ಪ ನಿಧಾನ. ನಾ ಅಷ್ಟು ಲಗೂ ಮಾತಾಡೂದಿಲ್ಲ,” ಎಂದು ತಿದ್ದಿ ಹೋಗಿದ್ದರು. ಆ ತಿದ್ದುಪಡಿಯೇ ಮುಂದೆ ನನ್ನನ್ನು ಹಾಳು ಮಾಡಿತು.

ಅವರ ಕೊನೆಯ ಪ್ರದರ್ಶನ ಕೌದಿಗಳದ್ದು, ಹಳೆಯ ಬಟ್ಟೆಯ ತುಂಡು ಸೇರಿಸಿ ಹೊಲಿದ ಹೊದಿಕೆಗಳದ್ದು. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ, ನಾಲ್ಕೂ ತಾಲೂಕು ಸುತ್ತಿದೆವು. ಕಿತ್ತೂರಿನ ಒಬ್ಬಾಕೆ ಕೌದಿಯ ಜೊತೆಗೆ ಬೆಕ್ಕನ್ನೂ ಕಳಿಸಲು ಹೊರಟಿದ್ದಳು, ಎರಡನ್ನೂ ಬೇರೆ ಮಾಡಿದರೆ ಊಟ ಬಿಡುತ್ತದಂತೆ. ಮೇಡಂ ವಿಚಾರ ಮಾಡಿ ಮರುದಿನ ಬೇಡವೆಂದರು. ಇಪ್ಪತ್ತೆರಡು ಕೌದಿ ಸೇರಿದವು. ಆದರೆ ಮೇಡಂ ಮನಸ್ಸು ಇದ್ದದ್ದು ಇಪ್ಪತ್ತಮೂರನೆಯದರ ಮೇಲೆ. ಅದು ಮನೋಳಿಯಲ್ಲಿ, ಹೊಳೆಯ ಕಡೆಯ ಓಣಿಯ ಒಬ್ಬ ಅಜ್ಜಿಯ ಹತ್ತಿರ ಇತ್ತು. ಆಕೆಯೇ ಹೊಲಿದದ್ದು. ನಟ್ಟನಡುವೆ ಅಂಗೈಯಗಲದ ಹಸಿರು ಚೌಕ, ಅದರ ಸುತ್ತ ಊರಿನ ಅರ್ಧ ಜನ ಉಟ್ಟು ಬಿಟ್ಟ ಬಟ್ಟೆ, ಇರುವೆ ಸಾಲಿನಂಥ ಹೊಲಿಗೆ. ಮೇಡಂ ಅದನ್ನು ನೋಡಿದ ಕೂಡಲೇ ಏಳು ಹೆಜ್ಜೆ ಹಿಂದಕ್ಕೆ ನಡೆದರು. ಮನೆ ಸಣ್ಣದು, ಏಳನೇ ಹೆಜ್ಜೆಗೆ ಅಂಗಳದಲ್ಲಿದ್ದರು.

ಅಜ್ಜಿ ಒಪ್ಪಲಿಲ್ಲ. “ಅಕ್ಕೋರ, ಕೌದಿ ಹೊಲದ ಮುಗಿಸಿದಾಗ ಮಡಿಕ್ಯಾಗ ಒಂದು ಹೋಳಿಗಿ ಇಟ್ಟು ಅದರ ಹೊಟ್ಟಿ ತುಂಬಸ್ತೇವಿ. ಮುಂದ ಅದರ ಹೊಟ್ಟಿ ತುಂಬೂದು ಮನಷ್ಯಾರ ಮೈಯಿಂದ. ದಿನಾ ಯಾರರೆ ಒಬ್ಬರು ಹೊಚ್ಚಿಕೊಂಡು ಮಲಗಬೇಕು. ಗ್ವಾಡಿಗೆ ತೂಗ ಹಾಕಿದ್ರ ಅದು ಉಪಾಸ ಬೀಳತೈತಿ. ನಿಮ್ಮಲ್ಲಿ ಯಾರರೆ ಮಲಗತಾರೇನು?”

ನಾನಾಗಿದ್ದರೆ ಹೂಂ ಅನ್ನುತ್ತಿದ್ದೆ. ಮೇಡಂ ಮೂರು ಸಲ ಹೋದರು. ಮೂರು ಸಲವೂ ಅಜ್ಜಿ ಇದನ್ನೇ ಕೇಳಿದಳು, ಮೂರು ಸಲವೂ ಮೇಡಂ, “ಇಲ್ಲ ಅಜ್ಜಿ. ಅಲ್ಲಿ ಯಾರೂ ಮುಟ್ಟೂ ಹಾಂಗಿಲ್ಲ, ಮಲಗೂದು ಆಗೂದಿಲ್ಲ. ನಿಮಗ ಸುಳ್ಳು ಹೇಳೂದಿಲ್ಲ,” ಅಂದರು. ಮೂರನೇ ಸಲವೂ ಬರಿಗೈಲಿ ವಾಪಸು ಬಂದರು. ಹಾಲ್‌ನ ಎದುರು ಗೋಡೆಯನ್ನು ಖಾಲಿ ಬಿಟ್ಟು, ಎರಡು ಮೊಳೆ ಹೊಡೆಸಿ, ಕೆಳಗೆ ಒಂದು ಚೀಟಿ ಅಂಟಿಸಿದರು: ‘ಇಲ್ಲಿ ಇರಬೇಕಾಗಿದ್ದ ಕೌದಿಯನ್ನು ಅದನ್ನು ಹೊಲಿದವರು ಕೊಡಲಿಲ್ಲ. ಅವರು ಹೇಳಿದ್ದು ಸರಿಯಿದೆ.’

ಜನ ಬಂದು, ಚೀಟಿ ಓದಿ, ಖಾಲಿ ಗೋಡೆ ನೋಡಿ ಹೋಗುತ್ತಿದ್ದರು. ಮೇಡಂ ಕೂಡ ದಿನಕ್ಕೆ ಹತ್ತು ಸಲ ಅದರ ಮುಂದೆ ಹಾಯುತ್ತಿದ್ದರು. ಇಪ್ಪತ್ತು ವರ್ಷ ಆ ಗೋಡೆ ತುಂಬಿದವರು ಕಡೆಯ ಸಲ ಖಾಲಿ ಗೋಡೆ ಬಿಟ್ಟು ಹೋಗುವುದು ನನಗೆ ಸಹಿಸಲಾಗಲಿಲ್ಲ. ಇದು ನನ್ನ ಒಳ್ಳೆಯ ಕಾರಣ. ಇನ್ನೊಂದು ಕಾರಣವೂ ಇತ್ತು: ಆ ದನಿ ಫೋನಿನಲ್ಲಿ ನಡೆಯುತ್ತದೋ ಇಲ್ಲವೋ ನೋಡುವ ಚಟ. ಯಾವುದು ಹೆಚ್ಚು ಎಂದು ಕೇಳಬೇಡಿ.

ಒಂದು ಮುಂಜಾನೆ ಮೇಡಂ ಬ್ಯಾಂಕಿಗೆ ಹೋದಾಗ ಕಚೇರಿಯ ಫೋನಿನಿಂದಲೇ ಮಾಡಿದೆ. ನಿಧಾನವಾಗಿ, ತಿದ್ದಿದ ಪ್ರಕಾರ.

“ಅಜ್ಜಿ, ನಾನು ಮಾತಾಡ್ತೀನಿ. ನೀವು ಹೇಳಿದ್ದು ವಿಚಾರ ಮಾಡಿದೆ. ಕೌದಿ ಉಪಾಸ ಬೀಳೂದು ಬ್ಯಾಡ. ದಿನಾ ಮಧ್ಯಾಹ್ನ ಒಂದೂವರಿಗೆ ನಾನೇ ಅರ್ಧ ತಾಸು ಹೊಚ್ಚಿಕೊಂಡು ಮಲಗತೀನಿ.”

ಆ ಕಡೆಯಿಂದ ಅಜ್ಜಿ, “ಹಂಗಾದ್ರ ಯಾರನ್ನರೆ ಕಳಸ್ರಿ.”

ನಾನೇ ಬೈಕ್ ಹತ್ತಿದೆ. ಅಜ್ಜಿ ಕೌದಿ ಮಡಚಿ ಇಟ್ಟಿದ್ದಳು. “ನಿಮ್ಮ ಅಕ್ಕೋರು ಮಾತಿನಂಗ ನಡೀತಾರಲ್ಲ?” ಎಂದು ಕೇಳಿದಳು.

“ಹೂಂ ಅಜ್ಜಿ, ಅವರು ಮಾತಿಗಿ ತಪ್ಪಂಗಿಲ್ಲ.”

“ಏನಂದಿ? ಮತ್ತೊಮ್ಮೆ ಅನ್ನು.”

ಕಿವಿ ಮಂದ ಇರಬೇಕೆಂದು ಮತ್ತೊಮ್ಮೆ ಅಂದೆ. ಆಕೆ ನನ್ನ ಮುಖವನ್ನೇ ನೋಡುತ್ತ ಕೈಗೆ ಎರಡು ರೊಟ್ಟಿ, ಶೇಂಗಾ ಚಟ್ನಿ ಕೊಟ್ಟಳು. ತಿಂದೆ. ನಾಚಿಕೆ ಆಗಲಿಲ್ಲ, ಚಟ್ನಿ ಚೆನ್ನಾಗಿತ್ತು.

ಮೇಡಂ ಕೌದಿಯನ್ನು ನೋಡಿ ಮೊದಲು ಕೈಗವಸು ಹಾಕಿಕೊಂಡರು, ಆಮೇಲೆ ಮುಟ್ಟಿದರು. “ಹ್ಯಾಂಗ ಕೊಟ್ರು?”

“ನಾ ಚಂದಾಗಿ ಮಾತಾಡಿದ್ನಿರಿ.”

“ಏನು ಮಾತು ಕೊಟ್ಟಿ?” ವಹಿ ತೆಗೆದಿದ್ದರು. ಪೆನ್ನು ಮೂರನೇ ಕಾಲಂ ಮೇಲೆ ನಿಂತಿತ್ತು.

“ಏನೂ ಕೇಳಲಿಲ್ರಿ.”

“ಕೇಳದೇ ಕೊಟ್ರಾ?” ಪೆನ್ನು ಬಹಳ ಹೊತ್ತು ಅಲ್ಲೇ ಇತ್ತು. ಕಡೆಗೆ, “ವಿಚಾರ ಮಾಡಿ ನಾಳೆ ಬರೀತೀನಿ,” ಎಂದು ಮುಚ್ಚಿದರು. ಆದರೂ ಆ ಸಂಜೆ ಕೌದಿ ಗೋಡೆ ಹತ್ತಿದಾಗ ಏಳು ಹೆಜ್ಜೆ ಹಿಂದೆ ಹೋಗಿ ನಿಂತವರು ಎಡಕ್ಕೂ ಅನ್ನಲಿಲ್ಲ, ಬಲಕ್ಕೂ ಅನ್ನಲಿಲ್ಲ. ಚೀಟಿಯನ್ನು ತಾವೇ ಕಿತ್ತರು. ಅವರ ಮುಖ ನೋಡಿ ನನಗೆ ನಾನೇ ಶಾಲು ಹೊದಿಸಿಕೊಳ್ಳಬೇಕು ಅನಿಸಿತು.

ನಾಲ್ಕನೆಯ ದಿನ ಮಧ್ಯಾಹ್ನ ಕಾಕಾ ಓಡಿ ಬಂದ. “ಮೇಡಂರೀ, ಮನೋಳಿಯಿಂದ ಟೆಂಪೋ ಬಂದೈತ್ರಿ. ತುಂಬ ಹೆಣ್ಣಮಕ್ಕಳು!” ಹೊರಗೆ ಅಜ್ಜಿ ಇಳಿಯುತ್ತಿದ್ದಳು, ಹಿಂದೆ ಓಣಿಯ ಹತ್ತು ಹನ್ನೆರಡು ಜನ. ಒಳಗೆ ಆಗಲೇ ಒಂದು ಕಾಲೇಜಿನ ಹುಡುಗ ಹುಡುಗಿಯರು ತಮ್ಮ ಅಧ್ಯಾಪಕರ ಜೊತೆ ಟಿಪ್ಪಣಿ ಬರೆಯುತ್ತಿದ್ದರು. ಅಜ್ಜಿ ನೇರ ತನ್ನ ಕೌದಿಯ ಮುಂದೆ ಹೋಗಿ ನಿಂತು, ಗೋಡೆಯ ಗಡಿಯಾರ ನೋಡಿ, ಮೇಡಂ ಕಡೆ ತಿರುಗಿದಳು.

“ಒಂದೂವರಿ ಆಗಾಕ ಬಂತಲ್ರಿ ಅಕ್ಕೋರ. ಎಲ್ಲಿ ಮಲಗತೀರಿ?”

“ಏನಂದ್ರಿ ಅಜ್ಜಿ?”

“ದಿನಾ ಮಧ್ಯಾಹ್ನ ಹೊಚ್ಚಿಕೊಂಡು ಮಲಗತೀನಿ ಅಂತ ನೀವಽ ಹೇಳಿದ್ರಿ, ಫೋನಿನ್ಯಾಗ. ಇವರ್ನೆಲ್ಲಾ ತೋರಸಾಕ ಕರಕೊಂಡ ಬಂದೇನಿ.”

ಮೇಡಂ ನನ್ನ ಕಡೆ ನೋಡಿದರು. ನಾನು ಒಂದು ಮೊಳೆಯನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದೆ. ‘ನಾ ಹೇಳಿಲ್ಲ’ ಎಂದು ಅವರು ಅಂದಿದ್ದರೆ ಸಾಕಿತ್ತು. ಅದು ನಿಜವೂ ಆಗಿತ್ತು. ವಹಿಯ ನಾಲ್ಕನೇ ಕಾಲಂ ಒಂದೂ ಖಾಲಿ ಬಿಡದೆ ಅವರು ಮನೆಗೆ ಹೋಗಬಹುದಿತ್ತು, ನಾನು ಅಪ್ಪನ ಅಂಗಡಿಗೆ ಹೋಗಬಹುದಿತ್ತು. ನಾನು ಆ ಮಾತಿಗಾಗಿ ಕಾದೆ. ಒಬ್ಬ ಹುಡುಗ ಸೀನಿದ. ನನ್ನ ಜೀವಮಾನದಲ್ಲಿ ಮೊದಲ ಸಲ ಒಂದು ಸೀನನ್ನು ಅನುಕರಿಸುವ ಮನಸ್ಸಾಗಲಿಲ್ಲ.

“ಈ ಮನಿಯಿಂದ ಮಾತು ಬಂದದ ಅಂದ್ರ ಅದು ನಂದೇ, ಅಜ್ಜಿ,” ಅಂದರು ಮೇಡಂ. ಆಮೇಲೆ ನನಗೆ, “ಇಳಸು.”

ಏಣಿ ತಂದು ಇಳಿಸಿದೆ. ಕಾಕಾ ತನ್ನ ಚಾಪೆ ಹಾಸಿದ. ಮೇಡಂ ಕೈಗವಸು ತೆಗೆದರು, ಕನ್ನಡಕ ತೆಗೆದರು, ತುರುಬಿನ ಪೆನ್ಸಿಲ್ ತೆಗೆದು ನನ್ನ ಕೈಗೆ ಕೊಟ್ಟರು. ಇಪ್ಪತ್ತು ವರ್ಷ ‘ಮುಟ್ಟಬ್ಯಾಡ್ರಿ’ ಎಂದು ಜನರಿಗೆ ಹೇಳಿದವರು ಆ ಜನರ ಮುಂದೆಯೇ ಹಾಲ್‌ನ ನಟ್ಟನಡುವೆ ಚಾಪೆಯ ಮೇಲೆ ಮಲಗಿ, ಕೌದಿಯನ್ನು ಗಲ್ಲದವರೆಗೆ ಎಳೆದುಕೊಂಡರು. ಪಾದ ಹೊರಗೆ ಉಳಿದವು. ಅಜ್ಜಿ ಬಗ್ಗಿ, “ಕಾಲ ಒಳಗ ತಗೋವಾ,” ಎಂದು ಅಂಚು ಎಳೆದು ಪಾದ ಮುಚ್ಚಿ, ಅದರ ಕೆಳಗೆ ಕೌದಿಯ ತುದಿಯನ್ನು ಸಿಕ್ಕಿಸಿದಳು. ಮೇಡಂ ಕಣ್ಣು ಮುಚ್ಚಿದ್ದರು. ರೆಪ್ಪೆ ಮಾತ್ರ ಅದುರುತ್ತಿತ್ತು.

ಅಧ್ಯಾಪಕರು ಪಿಸುದನಿಯಲ್ಲಿ, “ಇದು ಆಧುನಿಕ ಕಲೆ. ಕಲಾವಿದೆ ತಾನೇ ಕೃತಿ ಆಗ್ಯಾರ. ಬರಕೋರಿ, ಬರಕೋರಿ,” ಅಂದರು. ಎಲ್ಲರೂ ಬರೆದುಕೊಂಡರು. ಓಣಿಯ ಹೆಂಗಸರು ಸುತ್ತ ಕೂತು ಶೇಂಗಾ ಸುಲಿದರು. ಅರ್ಧ ತಾಸು ಯಾರೂ ಜೋರಾಗಿ ಮಾತಾಡಲಿಲ್ಲ.

ಟೆಂಪೋ ಹೋದ ಮೇಲೆ ಕಚೇರಿಗೆ ಹೋಗಿ ನಿಂತೆ. ಬೈಗುಳ ಬಂದರೆ ಅದನ್ನು ಮುಂದೆ ಎಂದೂ ಅನುಕರಿಸಬಾರದೆಂದು ನಿರ್ಧರಿಸಿದ್ದೆ. ಬೈಯಲಿಲ್ಲ. ವಹಿ ತೆಗೆದು ಮೂರನೇ ಕಾಲಂನಲ್ಲಿ ಬರೆಯುತ್ತಿದ್ದರು: ‘ದಿನಾಲೂ ಮಧ್ಯಾಹ್ನ ಒಂದೂವರೆಗೆ ಅರ್ಧ ತಾಸು ಹೊದ್ದು ಮಲಗುವುದು.’

“ಮೇಡಂ, ನಾ ಹೋಗತೇನ್ರಿ. ಕೆಲಸ ಬಿಡತೇನಿ.”

“ನೀ ಹೋದ್ರ ಏಣಿ ಹತ್ತವ್ರು ಯಾರು? ನನಗ ಮಣಕಾಲು ನೋಯ್ತದ. ಇನ್ನ ಹದಿನಾಲ್ಕು ದಿನ ದಿನಾ ಇಳಸಬೇಕು, ದಿನಾ ಹಾಕಬೇಕು.” ಪೆನ್ನು ಮುಚ್ಚಿದರು. “ಮೊದಲಿನ ಮೂರು ದಿನ ಅದು ಉಪಾಸ ಬಿದ್ದದಲ್ಲೋ. ಅದಕ್ಕೇನ್ ಮಾಡೂಣು?”

ಅದಕ್ಕೆ ಅವರೇ ಮಾಡಿದ್ದೇನೆಂದರೆ, ಮರುದಿನದಿಂದ ಆರು ದಿನ ಅರ್ಧ ತಾಸಿನ ಬದಲು ಮುಕ್ಕಾಲು ತಾಸು ಮಲಗಿದರು. ಬಾಕಿ ಚುಕ್ತಾ.

“ಮಾತು ಕೊಟ್ಟಾಂವ ನಾನ್ರಿ, ನಾನಽ ಮಲಗತೇನಿ,” ಎಂದು ಒಂದು ದಿನ ಕೈಮುಗಿದೆ. ನೆಲದಿಂದ ಏಳುವಾಗ ಅವರು ಏಣಿ ಹಿಡಿದುಕೊಳ್ಳುವುದನ್ನು ನೋಡಲಾಗುತ್ತಿರಲಿಲ್ಲ.

“ನಿನಗ ನಿದ್ದಿ ಹತ್ತತದ,” ಅಂದರು. “ಇದು ಎಚ್ಚರ ಇದ್ದು ಮಲಗೂದು.”

ಸುದ್ದಿ ಹರಡಿತು. ಒಂದೂವರೆಗೆ ಸರಿಯಾಗಿ ಜನ ಬರತೊಡಗಿದರು. ಕಿತ್ತೂರಿನವರೂ ಬಂದರು, ಬೈಲಹೊಂಗಲದವರೂ ಬಂದರು. ನಮ್ಮಪ್ಪ ಅಂಗಡಿ ಮುಚ್ಚಿ ಬಂದು ನೋಡಿ, “ನಿನ್ನ ಕೆಲಸ ಏನಂತ ಈಗ ತಿಳೀತು. ದೊಡ್ಡವ್ರನ್ನ ನೆಲಕ್ಕ ಹಾಕೂದು,” ಅಂದು ಹೋದ. ಯಾರೋ ಫೋಟೋ ಹಾಕಿದರು. ಮೇಲಿನ ಕಚೇರಿಯಿಂದ ಪತ್ರ ಬಂತು: ಕರ್ತವ್ಯದ ವೇಳೆಯಲ್ಲಿ ಪ್ರದರ್ಶನದ ವಸ್ತುವನ್ನು ಹೊದ್ದು ಮಲಗುತ್ತಿರುವುದಕ್ಕೆ ವಿವರಣೆ ನೀಡತಕ್ಕದ್ದು. ನಿವೃತ್ತಿಗೆ ಎಂಟು ದಿನ. ಮೇಡಂ ಎರಡು ಸಾಲು ಉತ್ತರ ಬರೆದರು, ಟೈಪ್ ಮಾಡಿದವನು ನಾನೇ: ‘ಒಂದೂವರೆಯಿಂದ ಊಟದ ವಿರಾಮ. ಆ ಹೊತ್ತಿನಲ್ಲಿ ನಾನು ಊಟ ಮಾಡುತ್ತಿಲ್ಲ.’

ಆಗಲೇ ನನಗೆ ಹೊಳೆದದ್ದು, ಅವರ ಡಬ್ಬಿ ಇಷ್ಟು ದಿನವೂ ಬಂದ ಹಾಗೇ ವಾಪಸು ಹೋಗುತ್ತಿತ್ತು. ಕೌದಿಯ ಹೊಟ್ಟೆ ತುಂಬಿಸಲು ಮೇಡಂ ತಾವು ಉಪವಾಸ ಬಿದ್ದಿದ್ದರು. ಮರುದಿನದಿಂದ ಕಾಕಾ ಎರಡೂವರೆಗೆ ಒಂದು ಲೋಟ ಹಾಲು, ಎರಡು ಬಾಳೆಹಣ್ಣು ತಂದು ಮೇಜಿನ ಮೇಲಿಡತೊಡಗಿದ. ತರಲೇನ್ರಿ ಎಂದು ಕೇಳಲಿಲ್ಲ. ಕೇಳಿದರೆ ನಾಳೆ ಹೇಳುತ್ತಾರೆ ಎಂದು ಅವನಿಗೆ ಗೊತ್ತಿತ್ತು.

ಬೀಳ್ಕೊಡುಗೆ ಅದೇ ಹಾಲ್‌ನಲ್ಲಿ ಆಯಿತು. ಹಾರ, ಭಾಷಣ, ಫಳಾರ. ಕಡೆಗೆ ಯಾರೋ ನನ್ನ ಹೆಸರು ಕೂಗಿದರು. ಮೈಕ್ ಹಿಡಿದು ಬಸ್ ನಿಲ್ದಾಣ ಮಾಡಿದೆ, ಟ್ರ್ಯಾಕ್ಟರ್ ಮಾಡಿದೆ, ಕಾಕಾನನ್ನು ಮಾಡಿದೆ, ಕೀಲಿ ಮಾಡುವವನನ್ನು ಅಳಿಸಿದೆ, ಎತ್ತಿನ ಗಂಟೆಯಾದೆ. ಜನ ಬಿದ್ದು ಬಿದ್ದು ನಕ್ಕರು. ಇಳಿಯಲು ಹೊರಟೆ. ಹಾರದ ಹಿಂದಿನಿಂದ ಮೇಡಂ ಕೇಳಿದರು, “ಯಾಕೋ, ನನ್ನ ಪಾಳಿ ಬರಲಿಲ್ಲ?”

ಬಾಯಿ ತೆರೆದೆ. ಆ ದನಿ ಗಂಟಲಿಗೆ ಬಂತು, ತುಟಿಗೆ ಬರಲಿಲ್ಲ. “ವಿಚಾರ ಮಾಡಿ ನಾಳೆ ಹೇಳತೇನ್ರಿ,” ಅಂದೆ, ನನ್ನ ದನಿಯಲ್ಲೇ. ಮೇಡಂ ನಕ್ಕರು. ಹಂಸದ ಮುಂದೆ ನಗದೇ ಇದ್ದದ್ದನ್ನೂ ಸೇರಿಸಿ ನಕ್ಕರು.

ಮರುದಿನ ಇಪ್ಪತ್ತೆರಡು ಕೌದಿಗಳನ್ನೂ ಅವರವರ ಮನೆಗೆ ಮುಟ್ಟಿಸಿದೆವು. ಇಪ್ಪತ್ತಮೂರನೆಯದನ್ನು ಮತ್ತು ವಹಿಯನ್ನು ಮೇಡಂ ನನ್ನ ಕೈಗೆ ಕೊಟ್ಟರು. ಆ ವಹಿಯಲ್ಲಿ ಖಾಲಿ ಉಳಿದದ್ದು ಒಂದೇ ಜಾಗ. “ಒಬ್ಬನೇ ಹೋಗು. ಅಜ್ಜಿಗೆ ಏನು ಹೇಳ್ತೀ ಏನು ಬಿಡ್ತೀ ನಿನಗ ಬಿಟ್ಟದ್ದು. ಹೆಬ್ಬೆಟ್ಟು ಒತ್ತೂದು ಬಿಡೂದು ಅವರಿಗೆ ಬಿಟ್ಟದ್ದು.”

ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಳು. ಕೌದಿ ಬಿಚ್ಚಿ, ನಡುವಿನ ಹಸಿರು ಚೌಕವನ್ನು ಮೂಗಿಗೆ ಹಿಡಿದು, “ಮೈ ವಾಸನಿ ಬಂದೈತಿ. ಉಂಡೈತಿ,” ಅಂದಳು. ವಹಿ ಮುಂದಿಟ್ಟೆ. ಮಸಿಯ ಡಬ್ಬಿ ತೆರೆದೆ. ಆಕೆ ಹೆಬ್ಬೆಟ್ಟು ಅದ್ದುವ ಮೊದಲೇ ಹೇಳಿಬಿಟ್ಟೆ. “ಅಜ್ಜಿ, ಆವತ್ತು ಫೋನ್ ಮಾಡಿದ್ದು ಮೇಡಂ ಅಲ್ಲ, ನಾನು. ಅವರ ದನಿ ತಗದು ನಾನಽ ಸುಳ್ಳು ಹೇಳಿದ್ನಿ. ಅವರಿಗೆ ಏನೂ ಗೊತ್ತಿರಲಿಲ್ಲ.”

ಅಜ್ಜಿಯ ಕೈ ಮಸಿಯ ಮೇಲೆ ನಿಂತಿತು.

“ಮೂರು ಸಲ ನನ್ನ ಮುಂದ ಕುಂತು ‘ಆಗೂದಿಲ್ಲ’ ಅಂದಾಕಿ, ನಾಕನೇ ಸಲಕ್ಕ ಫೋನಿನ್ಯಾಗ ‘ಹೂಂ’ ಅಂತಾಳೇನೋ? ಆವತ್ತ ನೀ ಬಂದು ಎರಡು ಮಾತು ಆಡೂದ್ರಾಗ ಫೋನಿನ ದನಿ ಯಾರದಂತ ಗೊತ್ತಾತು ನನಗ.”

“ಮತ್ಯಾಕ ಕೊಟ್ಟಿ ಅಜ್ಜಿ?”

“ಆ ಹುಡುಗಿ ಮೂರು ಸಲ ಬರಿಗೈಲೆ ಹೊಳ್ಳಿ ಹೋಗಿದ್ಲು. ಕೊಡಾಕ ನನಗೊಂದು ನೆವ ಬೇಕಾಗಿತ್ತು, ನೀ ಸಿಕ್ಕಿ. ಖರೇ, ಕೌದಿ ಉಪಾಸ ಬೀಳಬಾರದಲ್ಲ, ಅದಕ್ಕಽ ಟೆಂಪೋ ಮಾಡಿಕೊಂಡು ಬಂದ್ನಿ. ಈಗ ಎಲ್ಲಿ ಒತ್ತಬೇಕ ತೋರಸು ಲಗೂ, ಒಲಿ ಮ್ಯಾಲ ಹಾಲೈತಿ.”